ಪರದೆಯ ಲೆಕ್ಕ, ಪುಸ್ತಕದ ಲೆಕ್ಕ: ವ್ಯಾಪಾರದ ಆ್ಯಪ್‌ಗಳಲ್ಲಿ ಕಂಡುಬರುವ ಕೆಲವು ದೋಷಗಳು ಮತ್ತು ಪರಿಹಾರಗಳು

ನಮ್ಮ ಸದಸ್ಯರಲ್ಲಿ ಅನೇಕರು ಇತ್ತೀಚಿನ ವರ್ಷಗಳಲ್ಲಿ ಮಾರುಕಟ್ಟೆಯ ಸಿದ್ಧ ಲೆಕ್ಕಪತ್ರ ತಂತ್ರಾಂಶಗಳ ಜೊತೆಗೆ ತಮ್ಮ ವ್ಯವಹಾರಕ್ಕೆಂದೇ ಮೊಬೈಲ್ ಆ್ಯಪ್‌ಗಳನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಮಾರಾಟ ಪ್ರತಿನಿಧಿಯು ಹಳ್ಳಿಯ ಅಂಗಡಿಯಲ್ಲಿ ನಿಂತಲ್ಲಿಯೇ ಬೇಡಿಕೆ ದಾಖಲಿಸುವುದು, ಗೋದಾಮಿನ ದಾಸ್ತಾನು ನೋಡುವುದು, ಗಲ್ಲಾದಲ್ಲಿ ಬಿಲ್ಲು ಮಾಡುವುದು, ಇವೆಲ್ಲವೂ ಈಗ ಅಂಗೈಯಗಲದ ಪರದೆಯ ಮೇಲೆ ನಡೆಯುತ್ತಿವೆ. ಇಂತಹ ಆ್ಯಪ್ ಮಾಡಿಸುವಾಗ ಬೆಲೆ, ಅವಧಿ ಮತ್ತು ಬಣ್ಣಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಗುಂಡಿ ಒತ್ತಿದಾಗ ಪರದೆಯು ಹೇಗೆ ವರ್ತಿಸಬೇಕು ಎಂಬ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ಅದು ಪ್ರೋಗ್ರಾಮ್ ಬರೆಯುವವರ ಕೆಲಸವೆಂದು ಬಿಟ್ಟುಬಿಡುತ್ತೇವೆ. 2023ರ ಡಿಸೆಂಬರ್ ತಿಂಗಳವರೆಗೆ ನಾನೂ ಹಾಗೆಯೇ ಭಾವಿಸಿದ್ದೆ.

ಆ ತಿಂಗಳು ನನ್ನ ಕಕ್ಷಿದಾರರಾದ ಹಾರ್ಡ್‌ವೇರ್ ಸಗಟು ವರ್ತಕರೊಬ್ಬರ ಪ್ರತಿನಿಧಿಯು ಮಲೆನಾಡಿನ ಅಂಚಿನ ಊರೊಂದರಲ್ಲಿ 84,000 ರೂಪಾಯಿ ಮೌಲ್ಯದ ಸರಕಿಗೆ ಬಿಲ್ಲು ತಯಾರಿಸಿ ‘ಉಳಿಸು’ ಗುಂಡಿಯನ್ನು ಒತ್ತಿದರು. ಸಂಪರ್ಕ ದುರ್ಬಲವಾಗಿತ್ತು. ಪರದೆಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಮತ್ತೊಮ್ಮೆ ಒತ್ತಿದರು, ಇನ್ನೊಮ್ಮೆಯೂ ಒತ್ತಿದರು. ಸರಕು ಹೋದದ್ದು ಒಂದು ಬಾರಿ. ಅನುಕ್ರಮ ಸಂಖ್ಯೆಗಳೊಡನೆ ಹುಟ್ಟಿದ ಬಿಲ್ಲುಗಳು ಮೂರು. ಪ್ರತಿಯೊಂದರಲ್ಲಿಯೂ ಶೇ. 18ರಂತೆ 15,120 ರೂಪಾಯಿ ತೆರಿಗೆ. ಮೂರೂ ಬಿಲ್ಲುಗಳು ಆ ತಿಂಗಳ ಜಿ.ಎಸ್.ಟಿ.ಆರ್-1 ವಿವರಪತ್ರದಲ್ಲಿ ಸೇರಿ, 30,240 ರೂಪಾಯಿ ಇಲ್ಲದ ತೆರಿಗೆ ಹೊಣೆಯಾಗಿ ನಿಂತಿತು. ಖರೀದಿದಾರರ ಲೆಕ್ಕಿಗರು ತಮ್ಮ 2-ಬಿ ಪಟ್ಟಿಯಲ್ಲಿ ಮೂರು ಬಿಲ್ಲುಗಳನ್ನು ಕಂಡು ಗಾಬರಿಯಾಗಿ ದೂರವಾಣಿ ಮಾಡಿದಾಗಲೇ ವಿಷಯ ನಮಗೆ ತಿಳಿದದ್ದು. ಸರಕು ಸಾಗದೆ ಬಿಲ್ಲು ನೀಡುವುದು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 122ನೆಯ ಕಲಮಿನಡಿ ದಂಡಾರ್ಹವಾದ ಅಪರಾಧವೆಂಬುದನ್ನು ಓದುಗರು ಬಲ್ಲರು. ಇ-ವೇ ಬಿಲ್ಲು ಒಂದೇ ಇದ್ದುದರಿಂದ ಸರಕು ಒಮ್ಮೆ ಮಾತ್ರ ಹೊರಟಿತ್ತೆಂದು ತೋರಿಸಲು ಸಾಧ್ಯವಾಯಿತು. ಮುಂದಿನ ವಿವರಪತ್ರದಲ್ಲಿ ತಿದ್ದುಪಡಿಯೂ ಆಯಿತು. ಆದರೆ ಹನ್ನೊಂದು ವರ್ಷಗಳಿಂದ ವ್ಯವಹರಿಸುತ್ತಿದ್ದ ಆ ಗಿರಾಕಿಯು ಖಾತೆ ಚುಕ್ತಾ ಮಾಡಿಕೊಂಡು ಬೇರೆಡೆಗೆ ಹೋದರು. ಅವರನ್ನು ತಿದ್ದುಪಡಿ ಪತ್ರದಿಂದ ಮರಳಿ ಕರೆತರಲಾಗಲಿಲ್ಲ.

ನಾನು ವಾಣಿಜ್ಯ ಪದವೀಧರ. ಪ್ರೋಗ್ರಾಮ್ ಬರೆಯುವ ವಿದ್ಯೆ ನನ್ನದಲ್ಲ. ಆದರೂ ಆ ಆ್ಯಪ್ ಅನ್ನು ಸರಿಪಡಿಸಲು ಬಂದ ತರುಣನೊಡನೆ ಹಲವು ಸಂಜೆ ಕುಳಿತು ಪ್ರಶ್ನೆ ಕೇಳುತ್ತಾ ಹೋದಾಗ, ಪರದೆಯ ದೋಷಗಳಲ್ಲಿ ಹೆಚ್ಚಿನವು ನಮ್ಮ ಲೆಕ್ಕಶಾಸ್ತ್ರಕ್ಕೆ ಬಹಳ ಹಳೆಯ ಪರಿಚಯದವು ಎಂದು ತೋರಿತು. ಒಂದೇ ಸಂಗತಿಯು ಎರಡು ಕಡೆ ದಾಖಲಾಗಿ, ಆ ಎರಡು ದಾಖಲೆಗಳು ತಾಳೆಯಾಗದಿರುವುದೇ ಅವುಗಳ ಮೂಲ. ಪರದೆಯ ಮೇಲೆ ಕಾಣುವುದು ಒಂದು ಪ್ರತಿ, ಒಳಗೆ ಸಂಗ್ರಹವಾಗಿರುವುದು ಇನ್ನೊಂದು ಪ್ರತಿ. ಇವೆರಡೂ ಬೇರೆಯಾದ ಕ್ಷಣವೇ ತಪ್ಪು ಹುಟ್ಟುವ ಕ್ಷಣ. ಈ ದೃಷ್ಟಿಯಿಂದ ನೋಡಿದರೆ ವರ್ತಕರೂ ತಮ್ಮ ಆ್ಯಪ್ ಅನ್ನು ಪರೀಕ್ಷಿಸಬಲ್ಲರು.

ಒಂದು ಗುಂಡಿ, ಮೂರು ಬಿಲ್ಲು

ಮೇಲಿನ ಪ್ರಕರಣದಲ್ಲಿ ಸರ್ವರ್ ಮೊದಲ ಒತ್ತಿಗೇ ಬಿಲ್ಲನ್ನು ದಾಖಲಿಸಿತ್ತು. ಆ ಸುದ್ದಿ ಪರದೆಗೆ ತಲುಪಿರಲಿಲ್ಲ, ಅಷ್ಟೆ. ಇದಕ್ಕೆ ಪ್ರೋಗ್ರಾಮರ್‌ಗಳು ಸಾಮಾನ್ಯವಾಗಿ ಮಾಡುವ ಪರಿಹಾರವೆಂದರೆ, ಒತ್ತಿದ ಕೂಡಲೇ ಗುಂಡಿಯನ್ನು ನಿಷ್ಕ್ರಿಯಗೊಳಿಸಿ ‘ಉಳಿಸಲಾಗುತ್ತಿದೆ’ ಎಂದು ತೋರಿಸುವುದು. ಇದು ಅವಶ್ಯಕ. ಒತ್ತಿದ ಗುಂಡಿಯು ಹತ್ತನೆಯ ಒಂದು ಸೆಕೆಂಡಿನೊಳಗೆ ಪ್ರತಿಕ್ರಿಯೆ ತೋರಿದರೆ ಬಳಸುವವನಿಗೆ ತಕ್ಷಣ ಕೆಲಸವಾದಂತೆ ಅನಿಸುತ್ತದೆ. ಒಂದು ಸೆಕೆಂಡು ದಾಟಿದರೆ ವಿಳಂಬವು ಗಮನಕ್ಕೆ ಬರುತ್ತದೆ. ಹತ್ತು ಸೆಕೆಂಡು ದಾಟಿದರೆ ಗಮನವೇ ಬೇರೆಡೆಗೆ ಹೋಗುತ್ತದೆ. ಪರದೆ ವಿನ್ಯಾಸದ ತಜ್ಞರಾದ ಯಾಕೋಬ್ ನೀಲ್ಸನ್ 1993ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ನೀಡಿದ ಈ ಮೂರು ಮಿತಿಗಳನ್ನು ಇಂದಿಗೂ ಆ ಕ್ಷೇತ್ರದಲ್ಲಿ ಆಧಾರವಾಗಿ ಬಳಸುತ್ತಾರೆ.

ಆದರೆ ಇಷ್ಟು ಸಾಲದು. ಉತ್ತರ ಬಾರದೆ ಅವಧಿ ಮೀರಿದಾಗ ಆ್ಯಪ್ ‘ವಿಫಲವಾಯಿತು, ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ, ಗುಂಡಿ ಪುನಃ ಜೀವ ಪಡೆಯುತ್ತದೆ. ಮೊದಲ ಬಿಲ್ಲು ಸರ್ವರಿನಲ್ಲಿ ಸೇರಿದ್ದರೆ ಮತ್ತೆ ಅದೇ ಕಥೆ. ಸರಿಯಾದ ಪರಿಹಾರವು ಬ್ಯಾಂಕಿನ ಚೆಕ್ಕಿನಂತಿರಬೇಕು. ಒಂದೇ ಚೆಕ್ಕಿನ ಹಾಳೆಗೆ ಎರಡು ಬಾರಿ ಪಾವತಿಯಾಗುವುದಿಲ್ಲ, ಏಕೆಂದರೆ ಬರೆಯುವ ಮೊದಲೇ ಅದರ ಮೇಲೆ ಸಂಖ್ಯೆ ಮುದ್ರಿತವಾಗಿರುತ್ತದೆ. ಹಾಗೆಯೇ ಖಾಲಿ ಬಿಲ್ಲಿನ ಪುಟ ತೆರೆದ ಕ್ಷಣದಲ್ಲಿಯೇ ಫೋನು ಅದಕ್ಕೊಂದು ಏಕೈಕ ಗುರುತನ್ನು ನೀಡಬೇಕು. ಎಷ್ಟು ಬಾರಿ ಕಳುಹಿಸಿದರೂ ಆ ಗುರುತು ಬದಲಾಗಬಾರದು. ಸರ್ವರ್ ಎರಡನೆಯ ಬಾರಿ ಅದೇ ಗುರುತನ್ನು ಕಂಡಾಗ ಹೊಸ ಬಿಲ್ಲು ಸೃಷ್ಟಿಸದೆ, ಮೊದಲ ಬಿಲ್ಲಿನ ಸಂಖ್ಯೆಯನ್ನೇ ಮರಳಿಸಬೇಕು. ಇ-ಇನ್‌ವಾಯ್ಸ್ ಪೋರ್ಟಲ್ ಕೂಡ ಒಂದೇ ಹಣಕಾಸು ವರ್ಷದಲ್ಲಿ ಒಬ್ಬ ಮಾರಾಟಗಾರನ ಒಂದೇ ಬಿಲ್ಲು ಸಂಖ್ಯೆಯನ್ನು ಎರಡನೆಯ ಬಾರಿ ಒಪ್ಪುವುದಿಲ್ಲ. ಆದರೆ ನಮ್ಮ ಆ್ಯಪ್ ಪ್ರತಿ ಒತ್ತಿಗೂ ಹೊಸ ಸಂಖ್ಯೆ ಕೊಟ್ಟರೆ ಆ ತಡೆಯಿಂದ ಪ್ರಯೋಜನವಿಲ್ಲ.

ಪರೀಕ್ಷಿಸುವ ಕ್ರಮ ಸುಲಭ. ಬಿಲ್ಲು ತುಂಬಿ, ‘ಉಳಿಸು’ ಒತ್ತಿದ ಕ್ಷಣವೇ ಫೋನಿನ ಸಂಪರ್ಕ ಕಡಿತಗೊಳಿಸಿ. ಸ್ವಲ್ಪ ಹೊತ್ತಿನ ನಂತರ ಸಂಪರ್ಕ ಕೊಟ್ಟು ಪುನಃ ಒತ್ತಿ. ಹತ್ತು ಬಾರಿ ಹೀಗೆ ಮಾಡಿ, ಕಚೇರಿಯ ಗಣಕಯಂತ್ರದಲ್ಲಿ ಬಿಲ್ಲುಗಳನ್ನು ಎಣಿಸಿ.

ಪರದೆ ಸ್ತಬ್ಧವಾಗುವುದೇಕೆ?

ಆಂಡ್ರಾಯ್ಡ್ ಫೋನಿನ ಆ್ಯಪ್‌ನಲ್ಲಿ ಬೆರಳಿನ ಸ್ಪರ್ಶವನ್ನು ಗ್ರಹಿಸುವುದು, ಪರದೆಯನ್ನು ಚಿತ್ರಿಸುವುದು, ಇವೆರಡನ್ನೂ ‘ಮುಖ್ಯ ಥ್ರೆಡ್’ ಎಂಬ ಒಂದೇ ಕಾರ್ಯಸರಣಿ ನೋಡಿಕೊಳ್ಳುತ್ತದೆ. ಗಲ್ಲಾದಲ್ಲಿ ಒಬ್ಬನೇ ಗುಮಾಸ್ತನಿದ್ದಾನೆಂದು ಭಾವಿಸಿ. ದಾಸ್ತಾನು ಎಣಿಸಲು ಅವನನ್ನೇ ಗೋದಾಮಿಗೆ ಕಳುಹಿಸಿದರೆ ಗಲ್ಲಾದ ಮುಂದಿರುವ ಗಿರಾಕಿಗೆ ಉತ್ತರ ಕೊಡುವವರಿಲ್ಲ. ಐದು ಸಾವಿರ ವಸ್ತುಗಳ ದರಪಟ್ಟಿಯನ್ನು ಮುಖ್ಯ ಥ್ರೆಡ್ಡಿನಲ್ಲಿಯೇ ಓದಿಸಿದರೆ ಆಗುವುದು ಇದೇ. ಸ್ಪರ್ಶಕ್ಕೆ 5 ಸೆಕೆಂಡುಗಳಲ್ಲಿ ಪ್ರತಿಕ್ರಿಯೆ ಬಾರದಿದ್ದರೆ ಆಂಡ್ರಾಯ್ಡ್ ವ್ಯವಸ್ಥೆಯೇ ಮಧ್ಯೆ ಪ್ರವೇಶಿಸಿ, ಆ್ಯಪ್ ಸ್ಪಂದಿಸುತ್ತಿಲ್ಲ, ಮುಚ್ಚಬೇಕೇ ಎಂದು ಕೇಳುತ್ತದೆ. ಬೇಸತ್ತ ಪ್ರತಿನಿಧಿ ಮುಚ್ಚಿಯೇ ಬಿಡುತ್ತಾನೆ. ಕಡತ ಓದುವುದು, ಸರ್ವರನ್ನು ಸಂಪರ್ಕಿಸುವುದು, ದೊಡ್ಡ ವರದಿ ತಯಾರಿಸುವುದು, ಇವನ್ನೆಲ್ಲ ಹಿನ್ನೆಲೆಯ ಥ್ರೆಡ್ಡಿಗೆ ವಹಿಸಿ, ಫಲಿತಾಂಶವನ್ನು ಮಾತ್ರ ಮುಖ್ಯ ಥ್ರೆಡ್ಡಿಗೆ ಒಪ್ಪಿಸುವುದು ನಿಯಮ. ಪಟ್ಟಿ ಉದ್ದವಾಗಿದ್ದರೆ ಪರದೆಯಲ್ಲಿ ಕಾಣುವಷ್ಟು ಸಾಲುಗಳನ್ನು ಮಾತ್ರ ಚಿತ್ರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಪ್ರೋಗ್ರಾಮರ್ ತೋರಿಸುವ ಪ್ರಾತ್ಯಕ್ಷಿಕೆ ನಡೆಯುವುದು ಅವನ ದುಬಾರಿ ಫೋನಿನಲ್ಲಿ, ಇಪ್ಪತ್ತು ವಸ್ತುಗಳ ಮಾದರಿ ಪಟ್ಟಿಯೊಡನೆ. ತಮ್ಮ ಪ್ರತಿನಿಧಿಯ ನಾಲ್ಕು ವರ್ಷದ ಹಳೆಯ ಫೋನಿನಲ್ಲಿ, ತಮ್ಮ ಪೂರ್ಣ ದರಪಟ್ಟಿಯೊಡನೆ ನೋಡದೆ ಒಪ್ಪಿಗೆ ನೀಡಬೇಡಿ.

ತಡವಾಗಿ ಬಂದ ಉತ್ತರ

ಹಿನ್ನೆಲೆಗೆ ಕೆಲಸ ವಹಿಸಿದೊಡನೆ ಬೇರೊಂದು ದೋಷ ತಲೆಯೆತ್ತುತ್ತದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದುದು ಇದೇ, ಏಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ. ಪ್ರತಿನಿಧಿಯು ಗಿರಾಕಿಗಳ ಪಟ್ಟಿಯಲ್ಲಿ ಕೈತಪ್ಪಿ ಮೊದಲನೆಯ ಹೆಸರನ್ನು ಒತ್ತಿ, ಕೂಡಲೇ ತಿದ್ದಿಕೊಂಡು ಎರಡನೆಯ ಹೆಸರನ್ನು ಒತ್ತುತ್ತಾನೆ. ಎರಡೂ ಖಾತೆಗಳ ಬಾಕಿ ಕೇಳಿ ಎರಡು ವಿನಂತಿಗಳು ಸರ್ವರಿಗೆ ಹೋಗುತ್ತವೆ. ಎರಡನೆಯ ಉತ್ತರ ಮೊದಲು ಬಂದು, ಮೊದಲನೆಯ ಉತ್ತರ ತಡವಾಗಿ ಬಂದರೆ, ಪರದೆಯ ಮೇಲೆ ಎರಡನೆಯವರ ಹೆಸರು, ಕೆಳಗೆ ಮೊದಲನೆಯವರ ಬಾಕಿ! ಬಾಕಿಯೇ ಇಲ್ಲದ ಗಿರಾಕಿಯ ಮುಂದೆ ನಿಂತು ಹಣ ಕೇಳಿದರೆ ಅಥವಾ ಮಿತಿ ಮೀರಿದವರಿಗೆ ಉದ್ರಿ ಕೊಟ್ಟರೆ ಹೊಣೆ ಯಾರದು?

ಪ್ರತಿ ವಿನಂತಿಗೂ ಕ್ರಮಾಂಕ ನೀಡಿ, ಬಂದ ಉತ್ತರವು ಇತ್ತೀಚಿನ ವಿನಂತಿಯದಲ್ಲದಿದ್ದರೆ ಅದನ್ನು ತ್ಯಜಿಸುವುದು ಇದಕ್ಕೆ ಪರಿಹಾರ. ನಾವು ಪತ್ರವ್ಯವಹಾರದಲ್ಲಿ ಉಲ್ಲೇಖ ಸಂಖ್ಯೆ ಬರೆಯುವುದು ಇನ್ನೇತಕ್ಕೆ? ಹೊಸ ಹೆಸರು ಆರಿಸಿದ ಕ್ಷಣದಲ್ಲಿಯೇ ಹಳೆಯ ಬಾಕಿಯನ್ನು ಪರದೆಯಿಂದ ಅಳಿಸಿ ಜಾಗವನ್ನು ಖಾಲಿ ಬಿಡುವುದೂ ಅವಶ್ಯಕ. ಅಕ್ಷರ ಟೈಪಿಸಿದಂತೆಲ್ಲ ಹುಡುಕುವ ಪಟ್ಟಿಗಳಲ್ಲಿ ಪ್ರತಿ ಅಕ್ಷರಕ್ಕೂ ವಿನಂತಿ ಕಳುಹಿಸದೆ, ಬೆರಳು ಕ್ಷಣಕಾಲ ನಿಂತ ಮೇಲೆ ಕಳುಹಿಸಿದರೆ ಈ ಗೊಂದಲವೂ ತಗ್ಗುತ್ತದೆ, ಸರ್ವರಿನ ಹೊರೆಯೂ ತಗ್ಗುತ್ತದೆ.

ಎರಡು ಕಡೆ ಬರೆದ ಮೊತ್ತ

ಬಿಲ್ಲಿನ ಪರದೆಯಲ್ಲಿ ಪ್ರಮಾಣ, ದರ, ರಿಯಾಯಿತಿ, ತೆರಿಗೆ, ಮೊತ್ತ ಎಂಬ ಮನೆಗಳಿರುತ್ತವೆ. ಅನನುಭವಿ ಪ್ರೋಗ್ರಾಮರ್ ಪ್ರತಿಯೊಂದನ್ನೂ ಸ್ವತಂತ್ರವಾಗಿ ಸಂಗ್ರಹಿಸಿ, ಒಂದು ಬದಲಾದಾಗ ಉಳಿದವನ್ನು ಬದಲಿಸಲು ಅಲ್ಲಲ್ಲಿ ಸೂಚನೆ ಬರೆಯುತ್ತಾನೆ. ಎಲ್ಲಿಯೋ ಒಂದು ಸೂಚನೆ ಮರೆತಿರುತ್ತದೆ. ರಿಯಾಯಿತಿ ತಿದ್ದಿದರೆ ಮೊತ್ತ ಬದಲಾಗುತ್ತದೆ, ತೆರಿಗೆ ಬದಲಾಗುವುದಿಲ್ಲ. ಮೂಲ ನಮೂದುಗಳನ್ನು ಮಾತ್ರ ಒಂದು ಕಡೆ ಇಟ್ಟು, ಮೊತ್ತವನ್ನು ಪ್ರತಿ ಬಾರಿಯೂ ಅವುಗಳಿಂದಲೇ ಲೆಕ್ಕಹಾಕಿ ಪರದೆಗೆ ತರುವುದು ಸರಿಯಾದ ಪದ್ಧತಿ. ಮೂಲ ಒಂದೇ, ಪರದೆ ಅದರ ಕನ್ನಡಿ. ಇಂದಿನ ರಿಯಾಕ್ಟ್, ಫ್ಲಟರ್, ಜೆಟ್‌ಪ್ಯಾಕ್ ಕಂಪೋಸ್ ಮುಂತಾದ ಸಾಧನಗಳು ಈ ತತ್ತ್ವದ ಮೇಲೆಯೇ ನಿಂತಿವೆ.

ಈ ತತ್ತ್ವವನ್ನು ವಿವೇಚನೆಯಿಲ್ಲದೆ ಅನ್ವಯಿಸಿದರೂ ಅನರ್ಥವಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿ.ಎಸ್.ಟಿ. ದರವು ಶೇ. 28ರಿಂದ 18ಕ್ಕೆ ಇಳಿಯಿತು. ಸಿಮೆಂಟ್ ವ್ಯಾಪಾರಿಯೊಬ್ಬರು ಅಕ್ಟೋಬರಿನಲ್ಲಿ ಆಗಸ್ಟ್ ತಿಂಗಳ ಬಿಲ್ಲೊಂದನ್ನು ಮರುಮುದ್ರಿಸಿದಾಗ, 30,000 ರೂಪಾಯಿ ಸರಕಿಗೆ 8,400 ರೂಪಾಯಿ ಇದ್ದ ತೆರಿಗೆ 5,400 ಎಂದು ಮುದ್ರಿತವಾಯಿತು. ಗಿರಾಕಿ 3,000 ರೂಪಾಯಿ ವಾಪಸು ಕೇಳಲು ಬಂದರು. ಆ್ಯಪ್ ಹಳೆಯ ಬಿಲ್ಲಿನ ತೆರಿಗೆಯನ್ನು ವಸ್ತುವಿನ ಇಂದಿನ ದರದಿಂದ ಹೊಸದಾಗಿ ಲೆಕ್ಕಹಾಕಿತ್ತು. ಮಾರಾಟದ ದಿನದ ದರವು ಆ ದಿನದ ಸಂಗತಿ. ಅದು ವಸ್ತುಗಳ ಪಟ್ಟಿಯಿಂದ ಎರವಲು ಪಡೆಯಬೇಕಾದುದಲ್ಲ, ಬಿಲ್ಲಿನ ಸಾಲಿನಲ್ಲಿಯೇ ಬರೆದಿಡಬೇಕಾದ ಮೂಲ ನಮೂದು. ಯಾವುದು ಮೂಲ, ಯಾವುದು ಲೆಕ್ಕದ ಫಲ ಎಂಬ ವಿಂಗಡಣೆಯನ್ನು ಪ್ರೋಗ್ರಾಮರ್ ಒಬ್ಬನೇ ಮಾಡಲಾರ. ತಾವು ಅಥವಾ ತಮ್ಮ ಲೆಕ್ಕಪರಿಶೋಧಕರು ಅವನೊಡನೆ ಕುಳಿತುಕೊಳ್ಳಬೇಕು.

ಪೈಸೆಗಳ ವಿಚಾರವೂ ಇಲ್ಲಿಯೇ ಬರುತ್ತದೆ. ಮೂರು ಸಾಲುಗಳ ಬಿಲ್ಲು, ಪ್ರತಿ ಸಾಲಿನ ಮೌಲ್ಯ 33.35 ರೂಪಾಯಿ ಎನ್ನೋಣ. ಶೇ. 18ರಂತೆ ಒಂದು ಸಾಲಿನ ತೆರಿಗೆ 6.003 ರೂಪಾಯಿ, ಪರದೆ 6.00 ಎಂದು ತೋರಿಸುತ್ತದೆ. ಒಟ್ಟು ತೆರಿಗೆ 18.009, ಪರದೆ 18.01 ಎಂದು ತೋರಿಸುತ್ತದೆ. ಗಿರಾಕಿ ಪೆನ್ನು ಹಿಡಿದು ಮೂರು ಆರುಗಳನ್ನು ಕೂಡಿದರೆ ಹದಿನೆಂಟು! ತೋರಿಸಿದ್ದು ಒಂದು, ಒಳಗೆ ಇಟ್ಟುಕೊಂಡದ್ದು ಇನ್ನೊಂದು. ಸಾಲಿನ ಮಟ್ಟದಲ್ಲಿ ದುಂಡಾಗಿಸುವುದೋ ಮೊತ್ತದ ಮಟ್ಟದಲ್ಲೋ ಎಂಬುದನ್ನು ಮೊದಲೇ ತೀರ್ಮಾನಿಸಿ, ದುಂಡಾಗಿಸಿದ ಅಂಕಿಯನ್ನೇ ಸಂಗ್ರಹಿಸಬೇಕು. ಇದಲ್ಲದೆ, ಗಣಕಯಂತ್ರದ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವನ್ನು ನಿಖರವಾಗಿ ಬರೆಯಲು ಬರುವುದಿಲ್ಲ; ದಶಮಾಂಶದಲ್ಲಿ ಮೂರನೆಯ ಒಂದು ಭಾಗವನ್ನು ನಾವು ಬರೆಯಲಾರದಂತೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಆದುದರಿಂದ ಹಣವನ್ನು ರೂಪಾಯಿಯ ದಶಮಾಂಶವಾಗಿ ಇಡದೆ ಪೈಸೆಗಳ ಪೂರ್ಣಾಂಕವಾಗಿ ಇಟ್ಟು, ಪರದೆಗೆ ತರುವಾಗ ಮಾತ್ರ ಚುಕ್ಕೆ ಹಾಕುವುದು ಕ್ಷೇಮ.

ಬರೆದದ್ದನ್ನು ಓದುವ ರೀತಿ

ಅಲ್ಪವಿರಾಮದ ಒಂದು ಉದಾಹರಣೆ ನೋಡಿ. ನಾವು ಒಂದೂವರೆ ಲಕ್ಷವನ್ನು 1,50,000 ಎಂದು ಬರೆಯುತ್ತೇವೆ. ಜಾವಾಸ್ಕ್ರಿಪ್ಟಿನ ‘ಪಾರ್ಸ್‌ಫ್ಲೋಟ್’ ಎಂಬ ಆದೇಶವು ಮೊದಲ ಅಲ್ಪವಿರಾಮದಲ್ಲಿಯೇ ನಿಂತು, ಅದನ್ನು 1 ಎಂದು ಓದುತ್ತದೆ. ದೋಷದ ಸೂಚನೆಯೂ ಇಲ್ಲ. ವಾಟ್ಸ್‌ಆ್ಯಪ್ ಸಂದೇಶದಿಂದ ಮೊತ್ತವನ್ನು ನಕಲಿಸಿ ಅಂಟಿಸುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಇದೆ. ಒಂದೂವರೆ ಲಕ್ಷದ ಜಮೆಯು ಒಂದು ರೂಪಾಯಿಯಾಗಿ ದಾಖಲಾಗಲು ಇಷ್ಟು ಸಾಕು. ಕನ್ನಡದ ೧೫೦ ಎಂಬ ಅಂಕಿಗಳನ್ನಂತೂ ಆ ಆದೇಶವು ಸಂಖ್ಯೆಯೆಂದೇ ಗುರುತಿಸುವುದಿಲ್ಲ. ಓದುವ ಮೊದಲು ಅಲ್ಪವಿರಾಮ ತೆಗೆದು, ಕನ್ನಡ ಅಂಕಿಗಳನ್ನು ಪರಿವರ್ತಿಸಿ, ಓದಿದ ಮೊತ್ತವನ್ನು ಲಕ್ಷ–ಕೋಟಿ ಕ್ರಮದಲ್ಲಿ ಪುನಃ ತೋರಿಸುವಂತೆ ಹೇಳಿ. ಚೆಕ್ಕಿನಲ್ಲಿರುವಂತೆ ಅಕ್ಷರದಲ್ಲಿಯೂ ತೋರಿಸಿದರೆ ಇನ್ನೂ ಉತ್ತಮ.

ದಿನಾಂಕದ ವಿಷಯ ಬಹುಜನರಿಗೆ ತಿಳಿದದ್ದೇ. 03/04 ನಮಗೆ ಏಪ್ರಿಲ್ 3, ಅಮೆರಿಕದ ಕ್ರಮದಲ್ಲಿ ಮಾರ್ಚ್ 4. ನಡುವೆ ಹಣಕಾಸು ವರ್ಷವೇ ಬದಲಾಗುತ್ತದೆ. ತಿಂಗಳನ್ನು ಹೆಸರಿನಿಂದ ತೋರಿಸಿದರೆ ಮುಗಿಯಿತು.

ಜಿ.ಎಸ್.ಟಿ. ಗುರುತು ಸಂಖ್ಯೆಯಲ್ಲಿ 15 ಅಕ್ಷರಗಳಿವೆ. ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕಹಾಕಿ ಬರುವ ತಾಳೆ ಅಕ್ಷರ. ಸೊನ್ನೆಯ ಬದಲು ‘ಓ’ ಅಕ್ಷರ ಬಿದ್ದರೆ ಸಂಪರ್ಕವಿಲ್ಲದಿದ್ದರೂ ಆ್ಯಪ್ ಸ್ಥಳದಲ್ಲಿಯೇ ಪತ್ತೆಹಚ್ಚಬಲ್ಲದು. ಮಾಡಿಸಿದವರು ಕೇಳದ ಕಾರಣ ಹೆಚ್ಚಿನ ಆ್ಯಪ್‌ಗಳಲ್ಲಿ ನಾನು ಈ ತಾಳೆಯನ್ನು ಕಂಡಿಲ್ಲ. ಆದರೆ ಮೊದಲ ಅಕ್ಷರ ಬರೆಯುತ್ತಿರುವಾಗಲೇ ‘ತಪ್ಪು’ ಎಂದು ಕೆಂಪು ಬಣ್ಣ ತೋರಿಸುವುದು ಸರಿಯಲ್ಲ; ಬರೆಯುವವನು ಆ ಮನೆಯನ್ನು ಬಿಟ್ಟು ಮುಂದೆ ಹೋದ ಮೇಲೆ ಹೇಳಬೇಕು, ಯಾವ ಅಕ್ಷರ ನೋಡಬೇಕೆಂದು ಹೇಳಬೇಕು, ಮತ್ತು ಬರೆದದ್ದನ್ನು ಅಳಿಸಬಾರದು.

ಕನ್ನಡದ ಅಕ್ಷರಗಳು

ಕನ್ನಡದಲ್ಲಿ ಪರದೆ ಮಾಡಿಸುವವರು ಎರಡು ಸಂಗತಿ ಗಮನಿಸಬೇಕು. ಇಂಗ್ಲಿಷಿನ ಅಳತೆಗೆ ಕಟ್ಟಿದ ಗುಂಡಿಯಲ್ಲಿ ಕನ್ನಡದ ಪದ ಹಿಡಿಸುವುದಿಲ್ಲ. ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದ್ದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಎರಡನೆಯದಾಗಿ, ‘ಲಕ್ಷ್ಮೀ’ ಎಂಬ ಪದ ನಮ್ಮ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ ಏಳು. ಹೆಸರಿಗೆ ಇಪ್ಪತ್ತು ಅಕ್ಷರಗಳ ಮಿತಿ ಹಾಕಿದ ಆ್ಯಪ್ ನಮ್ಮ ಅಂಗಡಿಗಳ ಉದ್ದನೆಯ ಹೆಸರುಗಳನ್ನು ನಡು ಅಕ್ಷರದಲ್ಲಿ ತುಂಡರಿಸುತ್ತದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಯೂನಿಕೋಡ್ ಅಲ್ಲದ ಕ್ರಮದಲ್ಲಿ ಇಟ್ಟಿರುವ ಗಿರಾಕಿಗಳ ಪಟ್ಟಿಯನ್ನು ಹೊಸ ಆ್ಯಪ್‌ಗೆ ಸೇರಿಸುವ ಮೊದಲು ಪರಿವರ್ತಿಸಲೇಬೇಕು.

ಅರ್ಧ ತುಂಬಿದ ಬಿಲ್ಲು ಮತ್ತು ಅಳಿಸುವ ಗುಂಡಿ

ಹದಿನೆಂಟು ಸಾಲು ತುಂಬಿದ ಮೇಲೆ ಫೋನ್ ಕರೆ ಬರುತ್ತದೆ. ಮಾತು ಮುಗಿಸಿ ಮರಳಿದರೆ ಬಿಲ್ಲು ಖಾಲಿ. ಫೋನನ್ನು ಅಡ್ಡ ತಿರುಗಿಸಿದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಸ್ಮೃತಿ ಸಾಲದಾದಾಗ ಹಿನ್ನೆಲೆಯಲ್ಲಿರುವ ಆ್ಯಪ್ ಅನ್ನು ಸದ್ದಿಲ್ಲದೆ ಮುಚ್ಚುತ್ತದೆ. ಪರದೆಯಲ್ಲಿ ಮಾತ್ರ ಇದ್ದ ನಮೂದುಗಳು ಪರದೆಯೊಡನೆ ಹೋಗುತ್ತವೆ. ನಮ್ಮ ಹಿರಿಯರು ಕಚ್ಚಾ ಪುಸ್ತಕ ಇಟ್ಟುಕೊಂಡಿದ್ದಂತೆ, ಪ್ರತಿ ಸಾಲು ತುಂಬಿದ ಕೂಡಲೇ ಫೋನಿನ ಒಳಗಿನ ದತ್ತಸಂಚಯದಲ್ಲಿ ಕರಡಾಗಿ ಉಳಿಯಬೇಕು. ಮರಳಿ ತೆರೆದಾಗ ನಿಂತ ಸಾಲಿನಿಂದಲೇ ಮುಂದುವರಿಯಬೇಕು.

ಕರಡನ್ನು ಧಾರಾಳವಾಗಿ ಅಳಿಸಬಹುದು. ಸಂಖ್ಯೆ ಬಿದ್ದ ಬಿಲ್ಲನ್ನು ಅಳಿಸುವ ಗುಂಡಿ ಮಾತ್ರ ಇರಲೇಬಾರದು. ‘ಖಚಿತವೇ?’ ಎಂದು ಕೇಳುವ ಪೆಟ್ಟಿಗೆಯಿಂದ ರಕ್ಷಣೆಯಿಲ್ಲ. ದಿನಕ್ಕೆ ಐವತ್ತು ಬಾರಿ ‘ಹೌದು’ ಒತ್ತಿದ ಬೆರಳು ಐವತ್ತೊಂದನೆಯ ಬಾರಿ ಓದುವುದಿಲ್ಲ. ಬಿಲ್ಲು ‘ರದ್ದು’ ಎಂಬ ಗುರುತಿನೊಡನೆ, ಕಾರಣ ಮತ್ತು ರದ್ದು ಮಾಡಿದವರ ಹೆಸರಿನೊಡನೆ ಪುಸ್ತಕದಲ್ಲಿ ಉಳಿಯಬೇಕು. ಜಿ.ಎಸ್.ಟಿ.ಆರ್-1ರ 13ನೆಯ ಕೋಷ್ಟಕದಲ್ಲಿ ನೀಡಿದ ಬಿಲ್ಲುಗಳ ಜೊತೆಗೆ ರದ್ದಾದವುಗಳ ಸಂಖ್ಯೆಯನ್ನೂ ತೋರಿಸಬೇಕಾಗುತ್ತದೆ. ಸದಸ್ಯರಲ್ಲಿ ಖಾಸಗಿ ನಿಯಮಿತ ಕಂಪನಿ ಮಾಡಿಕೊಂಡಿರುವವರಿಗೆ ಇನ್ನೊಂದು ಹೊಣೆಯಿದೆ: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು, ಆ ದಾಖಲಾತಿಯನ್ನು ಸ್ಥಗಿತಗೊಳಿಸಲು ಬರಬಾರದು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ಹೇಳಬೇಕಾಗಿದೆ. ಪ್ರತಿನಿಧಿಯ ಫೋನಿನಲ್ಲಿ ಹುಟ್ಟಿದ ಬಿಲ್ಲು ಕಚೇರಿಯ ತಂತ್ರಾಂಶಕ್ಕೆ ಬಂದು ಸೇರುವ ವ್ಯವಸ್ಥೆಯಿದ್ದರೆ, ಫೋನಿನಲ್ಲಿ ಆದ ತಿದ್ದುಪಡಿಗಳ ಜಾಡು ಅದರೊಡನೆ ಬರುತ್ತದೆಯೇ ಎಂದು ಈ ವರ್ಷದ ಲೆಕ್ಕ ಮುಗಿಸುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.